ಅಂಗಳದಲ್ಲಿ ಭರತನಾಟ್ಯ ಅಭ್ಯಾಸಕ್ಕೆ ಮಳೆ ತಾಳುವ ನೆಲ: ಯಾವುದು ಹಾಕಿಸಲಿ?

ಅಂಗಳದ_ಗೆಜ್ಜೆ (ಉಡುಪಿ)

ನಮಸ್ಕಾರ. ಮನೆಯ ಹಿಂದಿನ ಅಂಗಳದಲ್ಲಿ 16×12 ಅಡಿ ಜಾಗ ಉಂಟು. ಅಲ್ಲಿ ಭರತನಾಟ್ಯ ಅಭ್ಯಾಸಕ್ಕೆ ನೆಲ ಮಾಡಿಸಬೇಕು. ಒಟ್ಟಿಗೆ ಕುಣಿಯುವವರು ಆರು ಮಕ್ಕಳು, 8ರಿಂದ 15 ವರ್ಷದವರು. ಈಗ ಇರುವುದು ಗಟ್ಟಿ ಸಿಮೆಂಟ್ ಅಂಗಳ. ಮನೆ ಕಡೆಯಿಂದ ತೋಟದ ಕಡೆಗೆ, ಅಂದರೆ 12 ಅಡಿಯ ದಿಕ್ಕಿನಲ್ಲಿ, ಒಟ್ಟು ಒಂದೂವರೆ ಇಂಚು ಇಳಿಜಾರು. ದೊಡ್ಡ ಬಿರುಕು ಇಲ್ಲ, ನೀರು ಎಲ್ಲೂ ನಿಲ್ಲುವುದಿಲ್ಲ.

ಸಿಮೆಂಟಿನ ಮೇಲೆ ತಟ್ಟಡವು (ಪಾದ ನೆಲಕ್ಕೆ ತಟ್ಟುವ ಹೆಜ್ಜೆ) ಬೇಡ, ಹಿಮ್ಮಡಿಗೂ ಮೊಣಕಾಲಿಗೂ ಪೆಟ್ಟು ಎಂದು ಟೀಚರ್ ಹೇಳಿದ್ದಾರೆ. ನಾವು ನೋಡಿಟ್ಟಿರುವುದು ಇಷ್ಟು: ಕಾವಿ ನೆಲ, ಸಿಮೆಂಟಿನ ಮೇಲೆ ಎಪಾಕ್ಸಿ, ಜಿಮ್‌ನಲ್ಲಿ ಹಾಕುವ ರಬ್ಬರ್ ಟೈಲ್, ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಸೇರಿಸಿ ಮಾಡಿದ ಹಲಗೆ) ಡೆಕ್, ಮೆರೈನ್ ಪ್ಲೈವುಡ್. ಮೇಲೆ ಮಾಡು (ಚಾವಣಿ) ಸದ್ಯಕ್ಕಿಲ್ಲ. ಮಳೆಗಾಲದಲ್ಲಿ ಕುಣಿಯಲೇಬೇಕು ಅಂತ ಹಟ ಇಲ್ಲ. ಆದರೆ ನಾಲ್ಕು ತಿಂಗಳು ನೆನೆದ ಮೇಲೂ ಅಕ್ಟೋಬರಿನಲ್ಲಿ ನೆಲ ಕೆಲಸಕ್ಕೆ ಬರಬೇಕು. ಗೆದ್ದಲಿನ ಕಾಟವೂ ಉಂಟು. ಯಾವುದು, ಎಷ್ಟು ದಪ್ಪ, ಏನೇನು ಎಷ್ಟು ತರಬೇಕು, ಗೊತ್ತಿದ್ದವರು ವಿವರವಾಗಿ ಹೇಳಿ.

---

ಕೀಸುಳಿ (ಕುಂದಾಪುರ)

ನೀವು ಬರೆದ ಐದೂ ನಿಮ್ಮ ಜಾಗಕ್ಕೆ ಆಗುವುದಿಲ್ಲ ಮಾರಾಯ್ರೆ. ಯಾಕೆ ಅಂತ ಮೊದಲು ಹೇಳ್ತೇನೆ, ಆಮೇಲೆ ಆಗುವುದು ಯಾವುದು ನೋಡುವ.

ಕಾವಿ ನೆಲ ನೋಡಲು ಚಂದ, ಜಗಲಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಬಯಲಿನಲ್ಲಿ ಬಿಸಿಲಿಗೆ ಹಿಗ್ಗಿ ಕುಗ್ಗಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ, ಜುಲೈಯಲ್ಲಿ ಹಾವಸೆ ಕಟ್ಟುತ್ತದೆ. ಅದಿರಲಿ, ಗಡಸಿನಲ್ಲಿ ಅದೂ ಸಿಮೆಂಟೇ. ಟೀಚರ್ ಹೇಳಿದ ತೊಂದರೆ ಹಾಗೆಯೇ ಉಳಿಯುತ್ತದೆ. ಎಪಾಕ್ಸಿ ಇನ್ನೂ ಕಷ್ಟ. ಮಳೆಗಾಲದಲ್ಲಿ ನೆಲದಡಿಯ ತೇವ ಮೇಲಕ್ಕೆ ಬರುತ್ತದೆ, ಹೊರಗೆ ಹೋಗಲು ದಾರಿ ಇಲ್ಲದೆ ಎಪಾಕ್ಸಿಯನ್ನು ಗುಳ್ಳೆ ಗುಳ್ಳೆಯಾಗಿ ಎಬ್ಬಿಸುತ್ತದೆ. ಬಿಸಿಲಿಗೆ ಹಳದಿ ತಿರುಗುತ್ತದೆ. ಒದ್ದೆ ಕಾಲಿಗೆ ಭಯಂಕರ ಜಾರು.

ಡಬ್ಲ್ಯುಪಿಸಿ ಮಳೆಗೆ ಹಾಳಾಗುವುದಿಲ್ಲ, ನಿಜ. ಆದರೆ ಅಂಗಡಿಯಲ್ಲಿ ಹೆಚ್ಚಾಗಿ ಸಿಗುವುದು ಒಳಗೆ ಟೊಳ್ಳಿರುವ ಹಲಗೆ. ನಡೆದಾಡುವುದಕ್ಕೆ ಸಾಕು, ಒಂದೇ ಜಾಗದಲ್ಲಿ ದಿನಾ ಹಿಮ್ಮಡಿ ತಟ್ಟುವುದಕ್ಕಲ್ಲ. ಮೇಲ್ಮೈಯಲ್ಲಿ ಗೀರು ಇರುವುದರಿಂದ ಬರಿಗಾಲಿನ ಚರ್ಮ ಸವೆಯುತ್ತದೆ. ಮಧ್ಯಾಹ್ನದ ಬಿಸಿಲಿಗೆ ಮರಕ್ಕಿಂತ ಜಾಸ್ತಿ ಕಾಯುತ್ತದೆ.

ಮೆರೈನ್ ಪ್ಲೈ ಬಗ್ಗೆ ಒಂದು ತಪ್ಪು ತಿಳಿವಳಿಕೆ ಉಂಟು. ಐಎಸ್ 710 ಗುರುತಿನ ಪ್ಲೈ 72 ಗಂಟೆ ಕುದಿಯುವ ನೀರಿನಲ್ಲಿ ಇಟ್ಟರೂ ಪದರ ಬಿಡಬಾರದು ಅಂತ ಪರೀಕ್ಷೆ ಇರುವುದು ಹೌದು. ಆದರೆ ಅದು ಪರೀಕ್ಷಿಸುವುದು ಅಂಟನ್ನು. ಒಳಗಿನ ಮರದ ಹಾಳೆ ವರ್ಷಕ್ಕೆ ನಾಲ್ಕು ತಿಂಗಳು ಒದ್ದೆಯಾಗಿಯೇ ಇದ್ದರೆ ಬೂಸು ಹಿಡಿಯುತ್ತದೆ, ಅದೂ ಅಂಚಿನಿಂದ ಶುರು. ಬಯಲಿನಲ್ಲಿ ಕಾಯಂ ಕೂರಿಸುವ ನೆಲಕ್ಕೆ ಪ್ಲೈ ಬೇಡ.

ನಮ್ಮ ಕಡೆ ವರ್ಷಕ್ಕೆ ಮೂರೂವರೆ, ನಾಲ್ಕು ಸಾವಿರ ಮಿ.ಮೀ. ಮಳೆ. ಇಷ್ಟು ನೀರನ್ನು ತಡೆಯುವ ನೆಲ ಮಾಡಲು ಹೋದವರು ಸೋಲುತ್ತಾರೆ. ನೀರು ಸಲೀಸಾಗಿ ಇಳಿದು ಹೋಗುವ, ಅಡಿಯಿಂದ ಗಾಳಿಯಾಡುವ ನೆಲ ಮಾಡಿ. ಅಂದರೆ ಇಳಿಜಾರು ಕೆಳಗಿನ ಸಿಮೆಂಟಿಗೆ ಇರಲಿ, ಮೇಲಿನ ಮರದ ನೆಲ ಮಟ್ಟವಾಗಿರಲಿ, ಎರಡರ ಮಧ್ಯೆ ಸಣ್ಣ ಸಣ್ಣ ರಬ್ಬರ್ ಪ್ಯಾಡ್ ಬರಲಿ. ನಿಮ್ಮ ಅಂಗಳದ ಇಳಿಜಾರು ಸುಮಾರು ನೂರಕ್ಕೆ ಒಂದು, ಸರಿಯಾಗಿ ಉಂಟು. ಹೊಸ ಕಾಂಕ್ರೀಟ್ ಬೇಡವೇ ಬೇಡ.

ಕೆಳಗಿನಿಂದ ಮೇಲಕ್ಕೆ ಹೀಗೆ ಬರುತ್ತದೆ. ಮೊದಲು ಅಂಗಳದ ಮೇಲೆ 1:3 ಗಾರೆಯ ಸಣ್ಣ ದಿಮ್ಮಿಗಳು, 4 ಇಂಚು ಚೌಕ. ಮನೆ ಬದಿಯಲ್ಲಿ 10 ಮಿ.ಮೀ. ಎತ್ತರ ಇದ್ದರೆ ತೋಟದ ಬದಿಯಲ್ಲಿ 46-48 ಮಿ.ಮೀ. ಆಗುತ್ತದೆ. ಎಲ್ಲದರ ತಲೆ ಒಂದೇ ಮಟ್ಟಕ್ಕೆ ಬರಬೇಕು, ಟ್ಯೂಬ್ ಲೆವೆಲ್ ಹಿಡಿದು ದಾರ ಕಟ್ಟಿಯೇ ಮಾಡಿಸಿ. ಇಡೀ ಕೆಲಸದಲ್ಲಿ ತಾಳ್ಮೆ ಬೇಕಾದದ್ದು ಇಲ್ಲಿ ಮಾತ್ರ. ಏಳು ದಿನ ನೀರುಣಿಸಿ. ಅದರ ಮೇಲೆ ರಬ್ಬರ್ ಪ್ಯಾಡ್, ಪ್ಯಾಡಿನ ಮೇಲೆ 3×2 ಪಕ್ಕಾಸು, ಅಂದರೆ ಹಲಗೆ ಹೊರುವ ಉದ್ದ ಮರದ ತುಂಡು, ಮಲಗಿಸಿ (3 ಇಂಚು ಅಗಲ, 2 ಇಂಚು ಎತ್ತರ), ಅದರ ಮೇಲೆ 4 ಇಂಚು ಅಗಲ, 25 ಮಿ.ಮೀ. ದಪ್ಪದ ಹಲಗೆ.

ಪಕ್ಕಾಸು ಇಳಿಜಾರಿನ ದಿಕ್ಕಿಗೇ ಹೋಗಬೇಕು, ಅಂದರೆ 12 ಅಡಿ ಉದ್ದಕ್ಕೆ. ಅಡ್ಡ ಹಾಕಿದರೆ ನೀರು ಹರಿಯುವ ದಾರಿಗೆ ನೀವೇ ಕಟ್ಟ ಕಟ್ಟಿದ ಹಾಗೆ, ಎಲೆ ಕಸ ಎಲ್ಲ ಅಲ್ಲೇ ನಿಂತು ಕೊಳೆಯುತ್ತದೆ. ಪಕ್ಕಾಸಿನ ನಡುವಿನ ಅಂತರ ಮಧ್ಯದಿಂದ ಮಧ್ಯಕ್ಕೆ 16 ಇಂಚು. 16 ಅಡಿಗೆ 13 ಪಕ್ಕಾಸು ಬಂತು, ಒಂದೊಂದು ಅರ್ಧ ಸಿಎಫ್‌ಟಿ (ಘನ ಅಡಿ), ಒಟ್ಟು ಆರೂವರೆ. ಪ್ರತಿ ಪಕ್ಕಾಸಿನ ಅಡಿಗೆ 18 ಇಂಚಿಗೊಂದು ಪ್ಯಾಡ್, ಒಂಬತ್ತು. 13 × 9 = 117 ಪ್ಯಾಡ್, ಗಾರೆ ದಿಮ್ಮಿಯೂ ಅಷ್ಟೇ.

ಹಲಗೆ ಪಕ್ಕಾಸಿಗೆ ಅಡ್ಡ, 16 ಅಡಿ ಉದ್ದಕ್ಕೆ. 4 ಮಿ.ಮೀ. ಸಂದು ಬಿಟ್ಟರೆ 35 ಸಾಲು. 16 ಅಡಿ ಉದ್ದದ ನೇರ ಹಲಗೆ ಸಿಗುವುದು ಕಷ್ಟ, ಬೇಕಾಗಿಯೂ ಇಲ್ಲ. ಒಂದು ಸಾಲಿಗೆ 8+8, ಮುಂದಿನ ಸಾಲಿಗೆ 4+8+4 ಹಾಕಿ. 16 ಇಂಚಿನ ಲೆಕ್ಕದಲ್ಲಿ 4 ಅಡಿಗೂ 8 ಅಡಿಗೂ ಜೋಡಣೆ ಪಕ್ಕಾಸಿನ ಮೇಲೆಯೇ ಬೀಳುತ್ತದೆ, ಎಲ್ಲೂ ಗಾಳಿಯಲ್ಲಿ ತುದಿ ನೇತಾಡುವುದಿಲ್ಲ. ಕೊಳ್ಳುವಾಗ ಒಂದೂಕಾಲು ಇಂಚಿಗೆ ಕೊಯ್ಸಿ. ಒಂದು ಇಂಚು ಅಂತ ತಂದರೆ ಕೀಸುಳಿ ಹಾಕಿ ನಯ ಮಾಡಿದ ಮೇಲೆ 21-22 ಮಿ.ಮೀ. ಉಳಿಯುತ್ತದೆ, ತಟ್ಟಿದಾಗ ಕುಲುಕುತ್ತದೆ. ಆ ಲೆಕ್ಕಕ್ಕೆ ಹತ್ತೊಂಬತ್ತೂವರೆ ಸಿಎಫ್‌ಟಿ, ಹಾಳು ಸೇರಿ ಇಪ್ಪತ್ತೊಂದೂವರೆ ಹಿಡಿಯಿರಿ.

ಸ್ಕ್ರೂ: ಪ್ರತಿ ಹಲಗೆಗೆ ಪ್ರತಿ ಪಕ್ಕಾಸಿನಲ್ಲಿ ಎರಡು. 910 ಆಯಿತು, ಜೋಡಣೆಗಳದ್ದು ಸೇರಿ ಸಾವಿರ ಚಿಲ್ಲರೆ. 1100 ತನ್ನಿ. 10 ನಂಬರ್, ಎರಡೂವರೆ ಇಂಚು. ಸ್ಟೇನ್‌ಲೆಸ್ ಸ್ಟೀಲ್ ಬಿಟ್ಟು ಬೇರೆ ಬೇಡ. ಜಿಐ ಸ್ಕ್ರೂ ನಮ್ಮ ಉಪ್ಪು ಗಾಳಿಗೆ ತುಕ್ಕು ಹಿಡಿಯುವುದು ಒಂದು, ಸಾಗುವಾನಿ, ಮತ್ತಿ, ಹೊನ್ನೆಯಂಥ ಮರದ ಒಗರಿಗೆ ಕಬ್ಬಿಣ ತಾಗಿ ಶಾಯಿ ಚೆಲ್ಲಿದಂತೆ ಕಪ್ಪು ಕಲೆ ಬರುವುದು ಇನ್ನೊಂದು. ಸಮುದ್ರ ಹತ್ತಿರ ಇದ್ದರೆ 316, ಸ್ವಲ್ಪ ಒಳಗಿದ್ದರೆ 304 ಸಾಕು. ಅಂಗಡಿಯವರು ಅಯಸ್ಕಾಂತ ಹಿಡಿದು "ಅಂಟುವುದಿಲ್ಲ ನೋಡಿ" ಅಂತ ತೋರಿಸಿದರೆ ನಂಬಿಬಿಡಬೇಡಿ. ಕಡಿಮೆ ದರ್ಜೆಯ 202ಕ್ಕೂ ಅಯಸ್ಕಾಂತ ಅಂಟುವುದಿಲ್ಲ, ಅದು ತುಕ್ಕು ಹಿಡಿಯುತ್ತದೆ. ಪೆಟ್ಟಿಗೆಯ ಮೇಲೆ ಎ2 (304) ಅಥವಾ ಎ4 (316) ಅಂತ ಬರೆದದ್ದು ನೋಡಿ ತನ್ನಿ.

ಗಟ್ಟಿ ಮರಕ್ಕೆ ತೂತು ಹೊಡೆಯದೆ ಸ್ಟೀಲ್ ಸ್ಕ್ರೂ ತಿರುಗಿಸಿದರೆ ಕುತ್ತಿಗೆ ಕತ್ತರಿಸಿ ಒಳಗೇ ಉಳಿಯುತ್ತದೆ. ಹಲಗೆಗೆ 5 ಮಿ.ಮೀ., ಪಕ್ಕಾಸಿಗೆ ಮೂರೂವರೆ ಮಿ.ಮೀ. ತೂತು. ಸ್ಕ್ರೂವಿಗೆ ಸ್ವಲ್ಪ ಮೇಣ ಉಜ್ಜಿ. ತಲೆ ಮೇಲ್ಮೈಗಿಂತ 2 ಮಿ.ಮೀ. ಒಳಗೆ ಇಳಿಯಲಿ. ಅದಕ್ಕಿಂತ ಆಳ ಬೇಡ, ಗುಂಡಿಯಲ್ಲಿ ನೀರು ನಿಲ್ಲುತ್ತದೆ.

---

ತಟ್ಟಡವು (ಮೈಸೂರು)

ಮೇಲೆ ಬರೆದದ್ದೆಲ್ಲ ಸರಿ. ರಬ್ಬರ್ ಟೈಲ್ ವಿಷಯ ಬಿಟ್ಟುಹೋಗಿದೆ, ಅದು ನೃತ್ಯದ ಕಡೆಯಿಂದ ಹೇಳಬೇಕಾದ್ದು.

ರಬ್ಬರ್ ಟೈಲ್ ಮೆತ್ತಗಿದೆ ಎಂದು ಜನ ಹಾಕಿಸುತ್ತಾರೆ. ಭರತನಾಟ್ಯಕ್ಕೆ ಅದರ ದೋಷ ಹಿಡಿತ. ಬರಿಗಾಲು ರಬ್ಬರಿಗೆ ಕಚ್ಚಿಕೊಳ್ಳುತ್ತದೆ. ಭ್ರಮರಿಯಲ್ಲಿ ಮೈ ತಿರುಗುತ್ತದೆ, ಪಾದ ತಿರುಗುವುದಿಲ್ಲ, ಆ ತಿರುಚೆಲ್ಲ ಮೊಣಕಾಲಿಗೆ ಹೋಗುತ್ತದೆ. ಅರೆಮಂಡಿಯಲ್ಲಿ ಮಂಡಿ ಈಗಾಗಲೇ ಹೊರಮುಖವಾಗಿ ಬಾಗಿರುವಾಗ ಇದು ಇನ್ನೂ ಅಪಾಯ. ಪೆಟ್ಟು ತಪ್ಪಿಸಲು ಹೋಗಿ ಉಳುಕು ತಂದುಕೊಂಡ ಹಾಗಾಗುತ್ತದೆ. ಮೆತ್ತಗಿನ ಮೇಲ್ಮೈ ತಟ್ಟಿನ ಸದ್ದನ್ನೂ ನುಂಗಿಬಿಡುತ್ತದೆ. ನಟ್ಟುವಾಂಗದ ಕೋಲಿಗೆ ಕಾಲಿನ ಸದ್ದು ಕೂಡುತ್ತಿದೆಯೋ ಇಲ್ಲವೋ ಮಕ್ಕಳಿಗೇ ಕೇಳಬೇಕು.

ಹಾಗಾಗಿ ಮೇಲ್ಮೈ ಗಟ್ಟಿ, ಅಡಿಪಾಯ ಸ್ವಲ್ಪ ಬಗ್ಗುವಂಥದ್ದು, ಇದೇ ಬೇಕಾದ ಜೋಡಿ. ಎಷ್ಟು ಬಗ್ಗಬೇಕು? ಒಬ್ಬರು ಬಲವಾಗಿ ತಟ್ಟಿದಾಗ ಆ ಜಾಗ 2-3 ಮಿ.ಮೀ. ಇಳಿದು ತಕ್ಷಣ ಮೇಲೆ ಬಂದರೆ ಸಾಕು. ಅದಕ್ಕಿಂತ ಜಾಸ್ತಿ ಕುಣಿದರೆ ಮೂರನೇ ಕಾಲದಲ್ಲಿ ನೆಲ ಮೇಲೆ ಬರುವಷ್ಟರಲ್ಲಿ ಮುಂದಿನ ತಟ್ಟು ಬಿದ್ದಿರುತ್ತದೆ, ಲಯ ಕೆಡುತ್ತದೆ, ಮೀನಖಂಡ ಬೇಗ ಸೋಲುತ್ತದೆ.

ಪೂರ್ತಿ ನೆಲ ಕೂರಿಸುವ ಮೊದಲು 4×4 ಅಡಿ ತುಂಡೊಂದನ್ನು ಜೋಡಿಸಿ ನೋಡಿ: ನಾಲ್ಕು ಪಕ್ಕಾಸು, ಅದೇ ಪ್ಯಾಡ್, ಅದೇ ಅಂತರ, ಮೇಲೆ ಹಲಗೆ. ದೊಡ್ಡ ಹುಡುಗಿಯೊಬ್ಬಳು ಅದರ ಮೇಲೆ ಕುದಿತ್ತಮೆಟ್ಟಡವು ಮಾಡಲಿ. ಮುಂಗಾಲಲ್ಲಿ ಹಾರಿ ಹಿಮ್ಮಡಿ ಊರುವ ಅಡವು ಅದು, ನೆಲದ ಗುಣ ಅದರಷ್ಟು ಬೇಗ ಇನ್ಯಾವುದೂ ಹೇಳುವುದಿಲ್ಲ. ಪಕ್ಕದಲ್ಲಿ ಸುಮ್ಮನೆ ನಿಂತವರ ಕಾಲಿಗೆ ಅಲುಗಿದ್ದು ಗೊತ್ತಾಗಲಿ, ಆದರೆ ಮೈ ವಾಲಬಾರದು.

ಮೇಲ್ಮೈಗೆ 100-120 ನಂಬರಿನ ಮರಳು ಕಾಗದದವರೆಗೆ ಉಜ್ಜಿದರೆ ಸಾಕು, ಇನ್ನೂ ನಯ ಮಾಡಿದರೆ ಬೆವರಿಗೆ ಜಾರುತ್ತದೆ. ಹಲಗೆಯ ಮೇಲಂಚನ್ನು ಎರಡೂ ಬದಿ 3 ಮಿ.ಮೀ. ಗುಂಡಗೆ ಮಾಡಿಸಲೇಬೇಕು. ಚೂಪು ಅಂಚಿನಿಂದಲೇ ಸೀಳು ಎದ್ದು ಕಾಲಿಗೆ ಚುಚ್ಚುವುದು. ಡೆಕ್ ಹಲಗೆಗೆ ಉದ್ದುದ್ದ ಗೀರು ಹಾಕುವ ಫ್ಯಾಷನ್ ಇದೆಯಲ್ಲ, ಅದು ಚಪ್ಪಲಿ ಹಾಕಿ ನಡೆಯುವವರಿಗೆ. ಆಲ್ತಾ ಹಚ್ಚಿದ ಕಾಲಲ್ಲಿ ಹೊಸ ಮರದ ಮೇಲೆ ಹತ್ತಿಸಬೇಡಿ, ಎಣ್ಣೆ ಕುಡಿಯದ ಮರದ ಮೇಲೆ ಆ ಕೆಂಪು ಕಾಯಂ.

---

ಅಂಗಳದ_ಗೆಜ್ಜೆ (ಉಡುಪಿ)

ಇಬ್ಬರಿಗೂ ತುಂಬಾ ಧನ್ಯವಾದ. ಎರಡು ಪ್ರಶ್ನೆ. ಪ್ಯಾಡಿಗೆ ಯಾವ ರಬ್ಬರ್, ಎಷ್ಟು ದೊಡ್ಡದು? 117 ತುಂಡು ಕತ್ತರಿಸುವ ಬದಲು ಪಕ್ಕಾಸಿನ ಉದ್ದಕ್ಕೂ ಒಂದೇ ರಬ್ಬರ್ ಪಟ್ಟಿ ಹಾಸಿದರೆ ಆಗದೇ? ಎರಡನೆಯದು ಮರ. ಹಳೆ ಹಂಚಿನ ಮನೆ ಕೆಡವಿದವರ ಹತ್ತಿರ ಹೆಬ್ಬಲಸಿನ ಹಲಗೆಗಳು ಉಂಟಂತೆ, ಕೆಲವು ಕಿರಾಲ್ ಬೋಗಿ ಮರದ್ದೂ ಉಂಟು ಎನ್ನುತ್ತಾರೆ.

---

ಕೀಸುಳಿ (ಕುಂದಾಪುರ)

ಉದ್ದ ಪಟ್ಟಿ ಹಾಸಲೇಬೇಡಿ. ರಬ್ಬರನ್ನು ಒತ್ತಿದರೆ ಅದರ ಗಾತ್ರ ಕಮ್ಮಿಯಾಗುವುದಿಲ್ಲ, ಬದಿಗೆ ಉಬ್ಬುತ್ತದೆ ಅಷ್ಟೆ. ಬದಿಗೆ ಉಬ್ಬಲು ಜಾಗ ಇದ್ದರೆ ಮೆತ್ತಗೆ, ಇಲ್ಲದಿದ್ದರೆ ಕಲ್ಲು. ಉದ್ದ ಪಟ್ಟಿ ಹಾಕಿದರೆ ನೆಲ ಸಿಮೆಂಟಿನಷ್ಟೇ ಗಟ್ಟಿ. 3 ಇಂಚಿನ ಪ್ಯಾಡ್ ಹಾಕಿದರೂ ಬೇಕಾದಷ್ಟು ಬಗ್ಗುವುದಿಲ್ಲ. 2 ಇಂಚು ಚೌಕ, 25 ಮಿ.ಮೀ. ದಪ್ಪ ಇರಲಿ. ಗಡಸು ಶೋರ್ ಎ 40ರ ಆಸುಪಾಸು. ಎಸಿ ಹೊರಗಿನ ಯೂನಿಟ್ಟಿಗೆ, ಜನರೇಟರಿಗೆ ಅಡಿಗಿಡುವ ಪ್ಯಾಡ್ ಮಾರುವವರ ಹತ್ತಿರ ಇಪಿಡಿಎಂ (ಬಿಸಿಲು ಮಳೆ ತಾಳುವ ರಬ್ಬರ್) ಹಾಳೆ ಕೇಳಿದರೆ ಸಿಗುತ್ತದೆ, ಅವರೇ ಕತ್ತರಿಸಿ ಕೊಡುತ್ತಾರೆ. ಮಾಮೂಲಿ ರಬ್ಬರ್ ಅಗ್ಗ, ಆದರೆ ಕೆಲವು ವರ್ಷಕ್ಕೆ ಬಿರುಕು ಬಿಟ್ಟು ಪುಡಿಯಾಗುತ್ತದೆ. ಸೋಫಾದ ಸ್ಪಂಜಿನ ಜಾತಿಯದ್ದು ಯಾವುದೂ ಬೇಡ, ನೀರು ಹೀರಿ ಕೊಳೆಯುತ್ತದೆ.

ಪ್ಯಾಡನ್ನು ಗಾರೆ ದಿಮ್ಮಿಗೆ ಅಂಟಿಸಬೇಡಿ, ಪಕ್ಕಾಸಿನ ಅಡಿಗೆ ಅಂಟಿಸಿ. ಆಗ ಇಡೀ ನೆಲ ಸಿಮೆಂಟಿನ ಮೇಲೆ ತನ್ನ ಭಾರಕ್ಕೆ ಕೂತಿರುತ್ತದೆ, ಎಲ್ಲೂ ಬೋಲ್ಟ್ ಹೊಡೆಯುವ ಕೆಲಸ ಇಲ್ಲ. ಬದಿಗೆ ಜರುಗದ ಹಾಗೆ ನಾಲ್ಕು ಮೂಲೆಗೆ ಎಲ್ ಆಕಾರದ ಸ್ಟೀಲ್ ಪಟ್ಟಿ ನೆಲಕ್ಕೆ ಕೂರಿಸಿ, ಮರಕ್ಕೂ ಅದಕ್ಕೂ ನಡುವೆ ರಬ್ಬರ್ ತುಂಡು ಇಡಿ. ಮನೆ ಗೋಡೆಯಿಂದ ಅರ್ಧ ಇಂಚು ದೂರ ಇರಲಿ.

ಮರ: ಹೆಬ್ಬಲಸು ಧಾರಾಳ ಆಗುತ್ತದೆ, ನಮ್ಮಲ್ಲಿ ದೋಣಿಗೂ ಬಳಸುತ್ತಿದ್ದ ಮರ. ಬೋಗಿ ಸಿಕ್ಕಿದರೆ ಪಕ್ಕಾಸಿಗೆ ಇಟ್ಟುಕೊಳ್ಳಿ, ಯಾಕೆಂದರೆ ಜಾಸ್ತಿ ಹೊತ್ತು ಒದ್ದೆ ಇರುವುದು ಪಕ್ಕಾಸು, ಬದಲಿಸಲು ಕಷ್ಟವಾದದ್ದೂ ಅದೇ. ಹಳೆ ಮರದಲ್ಲಿ ಮುರಿದ ಮೊಳೆ ಅಡಗಿರುತ್ತದೆ. ಮಿಲ್ಲಿಗೆ ಕೊಡುವ ಮೊದಲು ಅಯಸ್ಕಾಂತ ಆಡಿಸಿ ಎಲ್ಲ ಕಿತ್ತು ಕೊಡಿ, ಇಲ್ಲದಿದ್ದರೆ ಬ್ಲೇಡ್ ಹೋದದ್ದಕ್ಕೆ ನಿಮ್ಮ ಹತ್ತಿರ ಜಗಳ. ಹೊಸದು ಕೊಳ್ಳುವುದಾದರೆ ಎಳೆ ಸಾಗುವಾನಿ ತೋರಿಸಿ ಬಲಿತ ಸಾಗುವಾನಿಯ ಬೆಲೆ ಹೇಳುತ್ತಾರೆ. ಅಂಚಿನ ಬಿಳಿ ಭಾಗಕ್ಕೆ ಚೇಗಿನ (ಒಳಗಿನ ಬಲಿತ ಮರದ) ಗುಣ ಇಲ್ಲ, ಗೆದ್ದಲು ಮೊದಲು ತಿನ್ನುವುದು ಅದನ್ನೇ. ಬಿಳಿ ಇದ್ದಷ್ಟನ್ನು ಕೊಯ್ದು ತೆಗೆಸಿ, ಉಳಿದದ್ದಕ್ಕೆ ದುಡ್ಡು ಕೊಡಿ. ಅಡಿಕೆ ದಬ್ಬೆ ಅಗ್ಗ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ, ಅದರ ಸೀಳು ಕಾಲಿಗೆ ಹೊಕ್ಕರೆ ಸುಲಭಕ್ಕೆ ಬರುವುದಿಲ್ಲ.

ಸಂದಿನ ವಿಷಯ ಇನ್ನೊಮ್ಮೆ. 4 ಇಂಚಿನ ಹಲಗೆ ಏಪ್ರಿಲಿನಿಂದ ಆಗಸ್ಟಿಗೆ ಒಂದೂವರೆ, ಎರಡು ಮಿ.ಮೀ. ಉಬ್ಬಬಹುದು. ಬೇಸಿಗೆಯಲ್ಲಿ ಕೂರಿಸುವುದಾದರೆ 5 ಮಿ.ಮೀ. ಬಿಡಿ, ಮಳೆ ಮುಗಿದ ಕೂಡಲೇ ಕೂರಿಸುವುದಾದರೆ ಮೂರು ಸಾಕು. ಏಪ್ರಿಲಿನಲ್ಲಿ ಒತ್ತೊತ್ತಾಗಿ ಜೋಡಿಸಿ "ಎಷ್ಟು ಚಂದ ಕೂತಿದೆ" ಅಂದರೆ ಜುಲೈಯಲ್ಲಿ ಹಲಗೆಗಳು ಒಂದನ್ನೊಂದು ತಳ್ಳಿ ಮಧ್ಯದಲ್ಲಿ ಎದ್ದು ನಿಲ್ಲುತ್ತವೆ, ಸ್ಕ್ರೂ ಕಿತ್ತುಬರುತ್ತದೆ.

ಪಕ್ಕಾಸಿನ ತಲೆಯ ಮೇಲೆ ಹಲಗೆ ಕೂರಿಸುವ ಮೊದಲು 3 ಇಂಚು ಅಗಲದ ಡಾಂಬರು ಟೇಪ್ ಅಂಟಿಸಿ, ಒಟ್ಟು 156 ಅಡಿ ಬೇಕು. ಸ್ಕ್ರೂ ತೂತಿನಿಂದ ನೀರು ಪಕ್ಕಾಸಿನ ಒಳಗೆ ಇಳಿಯುವುದನ್ನು ಅದು ತಡೆಯುತ್ತದೆ. ಹಲಗೆ ಗಟ್ಟಿಯಾಗಿದ್ದು ಪಕ್ಕಾಸು ಮಾತ್ರ ಕೊಳೆತ ಡೆಕ್ಕುಗಳಲ್ಲಿ ನೋಡಿದರೆ ಕೊಳೆ ಶುರುವಾದದ್ದು ಹೆಚ್ಚಾಗಿ ಸ್ಕ್ರೂವಿನ ಸುತ್ತ.

ಪಕ್ಕಾಸಿಗೆ ಬಳಿಯಲು ಗೇರು ಸಿಪ್ಪೆಯ ಎಣ್ಣೆಗಿಂತ ಒಳ್ಳೆಯದು ನಮ್ಮ ಕಡೆ ಇಲ್ಲ, ದೋಣಿಗೆ ಹಚ್ಚುವುದೂ ಅದನ್ನೇ. ಎರಡು ಸಲ ಬಳಿದು ಪೂರ್ತಿ ಒಣಗಲು ಬಿಡಿ. ಕೈಗವಸು ಇಲ್ಲದೆ ಮುಟ್ಟಬೇಡಿ, ಚರ್ಮ ಸುಟ್ಟು ಬೊಕ್ಕೆ ಏಳುತ್ತದೆ. ಅದೇ ಕಾರಣಕ್ಕೆ ಮಕ್ಕಳು ಕಾಲಿಡುವ ಮೇಲಿನ ಹಲಗೆಗೆ ಅದನ್ನು ಹಚ್ಚಲೇಬಾರದು.

---

ನಾಲ್ಕನೇ_ಮಹಡಿ (ಬೆಂಗಳೂರು)

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಇದನ್ನೇ ಟೆರೇಸ್ ಮೇಲೆ ಮಾಡ್ಬಹುದಾ? ನಮ್ಮ ಮೇಸ್ತ್ರಿ, ಮೊದಲು ಎರಡಿಂಚು ಕಾಂಕ್ರೀಟ್ ಹಾಕಿ ಮಟ್ಟ ಮಾಡಿಬಿಡೋಣ ಸರ್ ಅಂತಿದ್ದಾರೆ.

---

ಸೈಟ್_ಡೈರಿ (ಹುಬ್ಬಳ್ಳಿ)

ಕಾಂಕ್ರೀಟ್ ಹಾಕಿಸಬ್ಯಾಡ್ರಿ. ಲೆಕ್ಕ ನೋಡ್ರಿ. ಐಎಸ್ 875 ಎರಡನೇ ಭಾಗದ ಪ್ರಕಾರ ಜನ ಓಡಾಡುವ ಟೆರೇಸಿಗೆ ಹಿಡಿಯುವ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆ.ಜಿ. ನೃತ್ಯದ ಹಾಲಿಗೆ ಅದೇ ಸಂಹಿತೆ ಹೇಳುವುದು 5 ಕಿಲೋನ್ಯೂಟನ್, ಮೂರು ಪಟ್ಟಿಗಿಂತ ಜಾಸ್ತಿ. ಎರಡಿಂಚು ಕಾಂಕ್ರೀಟ್ ಒಂದೇ ಚದರ ಮೀಟರಿಗೆ 120 ಕೆ.ಜಿ. ತೂಗುತ್ತದೆ. ಜನ ಹತ್ತುವ ಮೊದಲೇ ಟೆರೇಸಿನ ಪಾಲು ಬಹುತೇಕ ಖಾಲಿ ಆತು.

ಮೇಲೆ ಹೇಳಿದ ಮರದ ನೆಲ ಒಟ್ಟು 450 ಕೆ.ಜಿ. ಹತ್ತಿರ ಬರಬಹುದು, 16×12 ಅಡಿಗೆ ಹಂಚಿದರೆ ಚದರ ಮೀಟರಿಗೆ 25 ಕೆ.ಜಿ. ಆರು ಮಕ್ಕಳ ಭಾರ ಇನ್ನೊಂದು 15. ನಿಂತಾಗಿನ ಲೆಕ್ಕ ಇದು. ಆರೂ ಜನ ಒಂದೇ ತಾಳಕ್ಕೆ ಒಟ್ಟಿಗೆ ತಟ್ಟಿದರೆ ಪೆಟ್ಟು ಎರಡು ಮೂರು ಪಟ್ಟು ಆಗುತ್ತದೆ, ಆದರೂ ಸುಸ್ಥಿತಿಯ ಸ್ಲ್ಯಾಬಿಗೆ ಅಷ್ಟು ತೊಂದರೆ ಇಲ್ಲ. ಇಪ್ಪತ್ತು ಜನರ ಕ್ಲಾಸ್ ನಡೆಸುವುದಾದರೆ ಮಾತು ಬ್ಯಾರೆ, ಆಗ ನಿಮ್ಮ ಕಟ್ಟಡದ ಡ್ರಾಯಿಂಗ್ ನೋಡಿದ ಇಂಜಿನಿಯರ್ ಒಬ್ಬರ ಒಪ್ಪಿಗೆ ಬೇಕು. ಯಾವ ಕಾರಣಕ್ಕೂ ಗೋಡೆಯಿಂದ ಹೊರಚಾಚಿದ ಭಾಗದ ಮೇಲೆ ಮಾಡಬ್ಯಾಡ್ರಿ. ತೊಲೆಗಳ ಮೇಲೆ ಬರುವ ಹಾಗೆ ಜಾಗ ಆರಿಸ್ರಿ.

ಟೆರೇಸಿನ ವಾಟರ್‌ಪ್ರೂಫಿಂಗ್‌ಗೆ ಒಂದು ತೂತೂ ಬೀಳಬಾರದು. ಕೀಸುಳಿಯವರು ಹೇಳಿದ ಹಾಗೆ ಪ್ಯಾಡಿನ ಮೇಲೆ ತೇಲುವ ನೆಲ ಆದರೆ ತೂತಿನ ಮಾತೇ ಬರುವುದಿಲ್ಲ. ಗಾರೆ ದಿಮ್ಮಿ ಬದಲು ನುಣುಪು ಅಂಚಿನ ಕಡಪ ಕಲ್ಲಿನ ತುಂಡು ಇಟ್ಟು ಎತ್ತರ ಹೊಂದಿಸಿ, ಕಲ್ಲಿನ ಅಡಿಗೂ ತೆಳು ರಬ್ಬರ್ ಹಾಕಿ, ಇಲ್ಲದಿದ್ದರೆ ಬಳಿದ ಪದರವನ್ನು ಕಲ್ಲು ಕೊರೆಯುತ್ತದೆ. ನೀರಿನ ಕೊಳವೆಯ ಬಾಯಿ ನೆಲದ ಅಡಿಗೆ ಸಿಕ್ಕಿಬೀಳಬಾರದು. ಇನ್ನು ಕೆಳಗಿನ ಮನೆಯವರು. ಪ್ಯಾಡ್ ಇದ್ದರೂ ಹಿಮ್ಮಡಿಯ ಸದ್ದು ಸ್ಲ್ಯಾಬಿಗೆ ಸ್ವಲ್ಪ ಇಳಿದೇ ಇಳಿಯುತ್ತದೆ, ಮೊದಲೇ ಮಾತಾಡಿಕೊಳ್ರಿ.

ಬಯಲುಸೀಮೆ, ಬೆಂಗಳೂರಿನ ಕಡೆ ಮಳೆಗಿಂತ ಬಿಸಿಲೇ ಮರದ ಶತ್ರು. ಮಾರ್ಚ್ ಹೊತ್ತಿಗೆ ಮರ ಸೊರಗಿ ಸಂದು ಅಗಲ ಆಗುತ್ತದೆ, ತುದಿ ಸೀಳುತ್ತದೆ. ಕತ್ತರಿಸಿದ ತುದಿಗಳಿಗೆ ಆ ಹೊತ್ತಿನಲ್ಲೇ ಎಣ್ಣೆ ಅಥವಾ ಮೇಣ ಕುಡಿಸಿ.

---

ಬಾಡಿಗೆ_ಮನೆ (ಬೆಂಗಳೂರು)

ಬಾಡಿಗೆಯವರಿಗೂ, ವಾರಕ್ಕೆ ಎರಡು ದಿನ ಮಾತ್ರ ಅಭ್ಯಾಸ ಇರುವವರಿಗೂ ಬಿಚ್ಚಿಡುವ ನೆಲ ಒಳ್ಳೇದು. ಇಲ್ಲಿ ಪ್ಲೈ ನಡೆಯುತ್ತೆ, ಯಾಕಂದ್ರೆ ಮಳೆಗೆ ಬಿಡಲ್ಲ. 18 ಮಿ.ಮೀ. ಐಎಸ್ 710 ಹಾಳೆ ಆರು ತಂದು ಅರ್ಧಕ್ಕೆ ಕೊಯ್ಸಿದ್ರೆ 4×4 ಅಡಿಯ ಹನ್ನೆರಡು ಹಲಗೆ, ಅದೇ 16×12 ಜಾಗಕ್ಕೆ ಸರಿಯಾಗುತ್ತೆ. ಒಂದೊಂದು 18-20 ಕೆ.ಜಿ., ಇಬ್ಬರು ಸುಲಭವಾಗಿ ಎತ್ತಬಹುದು. ಪ್ರತಿ ಹಲಗೆಯ ಅಡಿಗೆ 4×4 ಸಾಲಿನಲ್ಲಿ 16 ಪ್ಯಾಡ್ ಅಂಟಿಸಿ.

ಅಂಚಿಗೆ ಎಪಾಕ್ಸಿ ಮೂರು ಸಲ. ಮೇಲೆ ಎಷ್ಟು ಸಲ ಬಳಿತೀರೋ ಅಡಿಗೂ ಅಷ್ಟೇ ಸಲ ಬಳೀಬೇಕು, ಇಲ್ಲಾಂದ್ರೆ ಒಂದು ಕಡೆಯಿಂದ ತೇವ ಎಳೆದು ಹಲಗೆ ಬಾಗುತ್ತೆ. ಜೋಡಿಸೋ ಜಾಗದಲ್ಲಿ ಅಡಿಗೆ 4 ಇಂಚು ಅಗಲದ ಪ್ಲೈ ಪಟ್ಟಿ, ಅದಕ್ಕೆ ಟಿ-ನಟ್ (ಮರದಲ್ಲಿ ಕಚ್ಚಿ ಕೂರುವ ನಟ್) ಕೂರಿಸಿ ಮೇಲಿಂದ ಎಂ6 ಬೋಲ್ಟ್, ತಲೆ ಮರದೊಳಕ್ಕೆ ಇಳಿಯೋ ಹಾಗೆ. ಪ್ರತಿ ಹಲಗೆಯ ಪ್ರತಿ ಬದಿಗೆ ಎರಡು ಬೋಲ್ಟ್ ಸಾಕು. ಪಟ್ಟಿ ಬರುವ ಕಡೆ ಪ್ಯಾಡನ್ನು ಒಳಕ್ಕೆ ಸರಿಸಿ. ಎರಡು ಹಲಗೆ ನಡುವೆ ಒಂದು ಮಿ.ಮೀ.ಗಿಂತ ಜಾಸ್ತಿ ಮೆಟ್ಟಿಲು ಬಂದ್ರೆ ಕಾಲ್ಬೆರಳು ತಾಕುತ್ತೆ, ಅದೊಂದು ಗಮನ ಇರಲಿ. ಎತ್ತಿಡುವಾಗ ಗೋಡೆಗೆ ಒರಗಿಸದೆ ಮಟ್ಟವಾಗಿ ಪೇರಿಸಿ.

---

ಅಂಗಳದ_ಗೆಜ್ಜೆ (ಉಡುಪಿ)

ನಾವು ಮರದ್ದೇ ಮಾಡಿಸುವುದು ಅಂತ ಆಯ್ತು. ಮೇಲೆ ಪಾಲಿಶ್ ಯಾವುದು? ವರ್ಷ ವರ್ಷ ಏನು ಮಾಡಬೇಕು? ಇನ್ನೊಂದು: ಮನೆಯಲ್ಲಿ ಯಕ್ಷಗಾನ ಕಲಿಯುವವರೂ ಇದ್ದಾರೆ, ಅವರು ಇದೇ ನೆಲದ ಮೇಲೆ ಕುಣಿಯಬಹುದಾ?

---

ಕೀಸುಳಿ (ಕುಂದಾಪುರ)

ಯಕ್ಷಗಾನದಿಂದ ಶುರು ಮಾಡುವ. ತೆಂಕುತಿಟ್ಟಿನ ಧೀಂಗಿಣ ಹಾರಿ ತಿರುಗಿ ಬೀಳುವ ಕುಣಿತ, ದೊಡ್ಡ ಆಳಿನ ಪೂರ್ತಿ ಭಾರ ಒಂದೇ ಕಡೆ ಇಳಿಯುತ್ತದೆ. ಬಡಗುತಿಟ್ಟಿನಲ್ಲಿ ಮಂಡಿ ಹಾಕುವಾಗ ಮೊಣಕಾಲೂರಿ ಸುತ್ತು ಬರುವುದು. ಇದಕ್ಕೆಲ್ಲ ನಡುವಿನ ಆರು ಅಡಿ ಜಾಗದಲ್ಲಿ ಪಕ್ಕಾಸು 16ರ ಬದಲು 12 ಇಂಚಿಗೊಂದು ಬರಲಿ. ಹಾಗೆ ಮಾಡಿದರೆ ಹಲಗೆಯ ಜೋಡಣೆ ಎಲ್ಲಿ ಬೀಳುತ್ತದೆ ಅಂತ ಮತ್ತೊಮ್ಮೆ ಕಾಗದದ ಮೇಲೆ ಬರೆದು ನೋಡಿಯೇ ಕೊಯ್ಸಿ, ಮೇಲೆ ಕೊಟ್ಟ 13ರ ಲೆಕ್ಕ ಬದಲಾಗುತ್ತದೆ. ಮಂಡಿಗೆ ಸ್ಕ್ರೂ ತಲೆ ಒಂದೂ ಎದ್ದಿರಬಾರದು, ಪ್ರತಿಸಲ ಅಂಗೈ ಆಡಿಸಿ ನೋಡಿಕೊಳ್ಳಬೇಕು.

ಪಾಲಿಶಿಗೆ ಬಯಲಿನಲ್ಲಿ ಪಿಯು, ವಾರ್ನಿಶ್ ಯಾವುದೂ ಬೇಡ. ಪೊರೆ ಕಟ್ಟುವ ಬಣ್ಣಗಳು ಬಿಸಿಲಿಗೆ ಬಿರಿಯುತ್ತವೆ, ಬಿರುಕಿನಿಂದ ಹೊಕ್ಕ ನೀರು ಪೊರೆಯಡಿ ಸಿಕ್ಕಿಕೊಂಡು ಮರ ಕಪ್ಪಾಗುತ್ತದೆ. ಆಮೇಲೆ ಇಡೀ ನೆಲ ಕೆರೆದು ತೆಗೆಯುವುದು ಬಿಟ್ಟು ದಾರಿಯಿಲ್ಲ. ಮರದೊಳಗೆ ಇಳಿಯುವ ಡೆಕ್ ಎಣ್ಣೆ ಹಾಕಿ, ಬೂಸು ನಿರೋಧಕ ಸೇರಿದ್ದು ನೋಡಿ ತನ್ನಿ. ಬರಿ ಅಗಸೆ ಎಣ್ಣೆ ನಮ್ಮ ಹವೆಗೆ ಹೇಳಿಸಿದ್ದಲ್ಲ, ಬೂಸಿಗೆ ಅದೇ ಊಟ. ನಿಮ್ಮ ನೆಲಕ್ಕೆ ಒಂದು ಸಲಕ್ಕೆ ಎರಡು ಲೀಟರ್ ಹತ್ತಿರ ಬೇಕಾದೀತು. ಮೊದಲ ವರ್ಷದಿಂದಲೇ ವರ್ಷಕ್ಕೆ ಎರಡು ಸಲ: ಮಳೆಗೆ ಮೊದಲು ಮೇಯಲ್ಲಿ ಒಂದು, ಅಕ್ಟೋಬರಿನಲ್ಲಿ ಒಂದು. ಹಲಗೆಯ ಅಡಿ ಮೈಗೂ ಕೂರಿಸುವ ಮೊದಲೇ ಹಚ್ಚಿರಬೇಕು. ಹಚ್ಚಿದ ಅರ್ಧ ಗಂಟೆಗೆ ಮೇಲೆ ಉಳಿದದ್ದನ್ನು ಬಟ್ಟೆಯಲ್ಲಿ ಒರೆಸಿ, ಇಲ್ಲವಾದರೆ ಅಂಟಂಟು. ಆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ ಮಾರಾಯ್ರೆ. ಎಣ್ಣೆ ಒಣಗುವಾಗ ಬಿಸಿಯಾಗಿ ಮುದ್ದೆ ತಾನಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಒಣಗಿಸಿ, ಅಥವಾ ನೀರಿನಲ್ಲಿ ಮುಳುಗಿಸಿಡಿ.

ಮಳೆಗಾಲದಲ್ಲಿ ಟಾರ್ಪಾಲ್ ಹೊದಿಸುವವರಿದ್ದಾರೆ. ಮರಕ್ಕೆ ಅಂಟುವ ಹಾಗೆ ಹೊದಿಸಿದರೆ ಒಳಗೆ ಬೆವರಿ ಮಳೆಗಿಂತ ಜಾಸ್ತಿ ಹಾಳು. ಮುಂದೆ ಮಾಡು ಹಾಕಿಸುವುದಾದರೆ ಪಡುವಣ ಕಡೆಗೆ ಮೂರಡಿ ಚಾಚಿ, ಎರಚಲು ಬರುವುದು ಅಲ್ಲಿಂದ. ಹಾವಸೆ ಕಂಡರೆ ಪಾತ್ರೆ ತೊಳೆಯುವ ಸಾಬೂನು ನೀರು, ತೆಂಗಿನ ನಾರಿನ ಬ್ರಷ್, ಮರದ ನಾರಿನ ದಿಕ್ಕಿಗೇ ಉಜ್ಜಿ. ಬ್ಲೀಚಿಂಗ್ ಪೌಡರ್ ಬೇಡ, ಮರದ ನಾರು ಎದ್ದು ಮೇಲ್ಮೈ ತುಪ್ಪಳ ಬಂದ ಹಾಗಾಗುತ್ತದೆ, ಸ್ಟೀಲಿಗೂ ಒಳ್ಳೆಯದಲ್ಲ.

ಗೆದ್ದಲು ಗಾರೆಯ ಮೇಲೂ ರಬ್ಬರಿನ ಮೇಲೂ ಮಣ್ಣಿನ ಸುರಂಗ ಕಟ್ಟಿಕೊಂಡು ಹತ್ತುತ್ತದೆ. ಅಂಗಳದ ಅಂಚಿನ ಮಣ್ಣಿಗೆ ಮದ್ದು ಹಾಕಿಸುವುದು ಹೇಗೂ ಬೇಕು, ಅದರ ಜೊತೆಗೆ ಅಡಿ ಕಾಣುವ ಹಾಗೆ ಇಟ್ಟುಕೊಳ್ಳಿ. ಸುತ್ತಲಿನ ಅಂಚುಪಟ್ಟಿ ಕೆಳಗಿನ ಸಿಮೆಂಟಿನಿಂದ ಒಂದಿಂಚು ಮೇಲಿರಲಿ. ಪ್ರತಿ ಆರನೇ ಸಾಲಿನ ಹಲಗೆಯ ಸ್ಕ್ರೂ ಮೇಲೆ ಮೇಣ ತುಂಬಿ ಗುರುತು ಮಾಡಿಡಿ, ಅದನ್ನು ಬಿಚ್ಚಿ ಟಾರ್ಚ್ ಬಿಟ್ಟು ನೋಡಲು. ಅಕ್ಟೋಬರಿನಲ್ಲಿ ಅಡಿಯ ಎಲೆ ಕಸ ಎಳೆಯುವುದಕ್ಕೂ ಅದೇ ದಾರಿ, ಸಂದಿನಲ್ಲಿ ಬಿದ್ದ ಗೆಜ್ಜೆಯ ಮಣಿ ಹೆಕ್ಕುವುದಕ್ಕೂ ಅದೇ. ಮೊದಲ ಮಳೆಗಾಲ ಕಳೆದು ಮರ ಒಣಗಿದ ಮೇಲೆ ಸಾವಿರ ಸ್ಕ್ರೂವನ್ನೂ ಒಂದು ಸುತ್ತು ಬಿಗಿ ಮಾಡಿಸಿ. ಯಂತ್ರದಲ್ಲಿ ಬೇಡ, ಕೈ ಸ್ಕ್ರೂಡ್ರೈವರಿನಲ್ಲಿ.